ಕೆರೆ ಮುಚ್ಚುವ ಆಟ

ನನ್ನ ಕೆಲಸ ಗೋಡೆಗೆ ಹಾಯುವುದು.
ದಿನಕ್ಕೆ ಒಂಬತ್ತು ತಾಸು, ಸಂಪಂಗಿರಾಮನಗರದಲ್ಲಿ,
ಬೇಕರಿ ಇರುವ ಕಟ್ಟಡದ ಮೂರನೇ ಮಹಡಿಯಲ್ಲಿ ಕೂತು
ತಹಸೀನ್ ಕಟ್ಟಿದ ಲೋಕದ ಅಂಚಂಚಿಗೂ
ಹಣೆ ಗುದ್ದಿ ನೋಡುವುದು:
ಎಲ್ಲಿ ಬಿರುಕು, ಎಲ್ಲಿ ಕಾಲು ಕುಸಿಯುತ್ತದೆ,
ಯಾವ ಮೇಕೆ ಗಾಳಿಯಲ್ಲಿ ತೇಲುತ್ತದೆ.
ಬರೆದುಕೊಳ್ಳುವುದು. ಮತ್ತೆ ಹಾಯುವುದು.

ಆಟ ಸರಳ. ಒಂದು ಕೆರೆ, ಒಂದು ಬುಟ್ಟಿ.
ಗುಂಡಿ ಒತ್ತಿದರೆ ಬುಟ್ಟಿ ಮಣ್ಣು ನೀರಿಗೆ.
ಬುಟ್ಟಿಗೆ ಹತ್ತು ಅಂಕ, ನೂರು ಬುಟ್ಟಿಗೊಂದು ಸೈಟು,
ಸೈಟಿಗೊಂದು ದೀಪದ ಕಂಬ.
ಪ್ರತಿ ಅಂಕವೂ ಟಣ್ ಎನ್ನುತ್ತದೆ,
ಕಂಡಕ್ಟರ್ ಚೀಲಕ್ಕೆ ಬಿದ್ದ ಚಿಲ್ಲರೆಯ ಹಾಗೆ.
ಆ ಸದ್ದನ್ನು ಅವಳು ನಿಜಕ್ಕೂ
ಶಿವಾಜಿನಗರದ ಬಸ್ಸಿನಲ್ಲಿ ಹಿಡಿದು ತಂದದ್ದು.
ಕಿಟಕಿಯಾಚೆ ಸ್ಟೇಡಿಯಂ. ಅಲ್ಲೇ ಇತ್ತಂತೆ ಕೆರೆ,
ಈಗ ಹುಡುಗಿಯರು ಹರ್ಡಲ್ಸ್ ಹಾರುವಲ್ಲಿ.

ಕೇಳಿದ್ದೆ ಒಮ್ಮೆ: ಕಥೆ ಬರೀಬಹುದಿತ್ತಲ್ಲ,
ಆಟ ಯಾಕೆ?
"ಕಥೇಲಿ ಕೆರೆ ಮುಚ್ಚೋನು ಬೇರೆ ಯಾರೋ.
ಇಲ್ಲಿ ನಿನ್ನ ಹೆಬ್ಬೆರಳು" ಅಂದಳು.
ನಕ್ಕೆ. ಅವತ್ತು ಸಂಜೆಯ ಹೊತ್ತಿಗೆ
ನನ್ನ ಹೆಸರಲ್ಲಿ ನಲವತ್ತೊಂದು ಸೈಟು.

ನಾಲ್ಕು ತಿಂಗಳು ಹೀಗೆ ಸುರಿದೆ.
ಆಮೇಲೊಂದು ಮಂಗಳವಾರ ಸೆಲ್ವರಾಜ್ ಬಂದ,
ಹೆಗಲ ಮೇಲೆ ಇಪ್ಪತ್ತು ಲೀಟರಿನ ಕ್ಯಾನು.
ಲಿಫ್ಟು ಕೆಟ್ಟಿತ್ತು.
ಕ್ಯಾನು ಇಳಿಸಿ, ಏದುಸಿರಲ್ಲೇ ನನ್ನ ಕುರ್ಚಿಗೆ ಕುಸಿದು,
ಕೈಗೆ ಸಿಕ್ಕ ಕಂಟ್ರೋಲರನ್ನು ತೊಡೆಯ ಮೇಲಿಟ್ಟುಕೊಂಡ.
"ಏನ್ ಸಾರ್ ಮಾಡ್ಬೇಕು ಇದ್ರಲ್ಲಿ?"
ನಾನು ಫೋನಿನಲ್ಲಿದ್ದೆ. ಸನ್ನೆ ಮಾಡಿದೆ, ಇರು ಅಂತ.
ಇದ್ದ.

ಏನೂ ಒತ್ತಲಿಲ್ಲ. ತೆರೆಯ ಮೇಲಿನ ನೀರನ್ನು
ಯಾರಾದರೂ ನೀರನ್ನು ನೋಡುವ ಹಾಗೆ ನೋಡುತ್ತ,
ಕತ್ತಿನ ಬೆವರು ಒರೆಸುತ್ತ.
ಹತ್ತು ನಿಮಿಷ. ಹನ್ನೊಂದಾಯಿತು.

ಆಗ ಜೊಂಡಿನೊಳಗಿಂದ ಒಂದು ಕೊಕ್ಕರೆ,
ಅಷ್ಟು ತಿಂಗಳಲ್ಲಿ ನಾನು ಕಂಡೇ ಇರದ ಕೊಕ್ಕರೆ,
ಅವನತ್ತ ಎರಡು ಹೆಜ್ಜೆ ಇಟ್ಟು, ನಿಂತು,
ಒಂದು ಕಾಲು ಮಡಚಿತು.
ಅಂಕವಿಲ್ಲ. ಟಣ್ ಇಲ್ಲ.

ತಹಸೀನ್ ಕಡೆ ತಿರುಗಿದೆ. ಅವಳು ತಲೆ ಎತ್ತಲಿಲ್ಲ,
ಕೀಬೋರ್ಡಿನ ಮೇಲೆ ಬೆರಳು ಮಾತ್ರ ನಿಂತಿದ್ದವು.
ದೋಷಗಳ ಪಟ್ಟಿ ತೆರೆದೆ.
ಏನಂತ ಬರೆಯಲಿ?

ಸೆಲ್ವರಾಜ್ ಎದ್ದ. ಖಾಲಿ ಕ್ಯಾನು ಎತ್ತಿಕೊಂಡ.
"ಚೆನ್ನಾಗೈತೆ ಸಾರ್" ಅಂದ,
"ಎಪ್ಪತ್ತು ರೂಪಾಯಿ, ನೀರಿಂದು."