ಅರ್ಧ ಸುತ್ತು

ಆಸ್ಮಾರಾದ ಮೆದೆಬೆರ್ ಸಂತೆಯಲ್ಲಿ ಬೆಳಗಾಗುವುದು
ಸುತ್ತಿಗೆಯಿಂದ.
ತಗಡಿನ ಮೇಲೆ ತಗಡು, ಕಿವಿಗೆ ಬಿಡುವಿಲ್ಲ.
ಅದರ ನಡುವೆ ಕತ್ತೆಗಾಡಿಯಲ್ಲಿ ಬಂದಿಳಿಯಿತು
ಐವತ್ತೊಂದರ ಮೋಟೊ ಗುಜ್ಜಿ:
ಟ್ಯಾಂಕಿನೊಳಗೆ ತುಕ್ಕು, ಸೀಟಿನೊಳಗೆ ಇಲಿಯ ಸಂಸಾರ.

ನೀಲಿ ಕೆರೆದೆ; ಅಡಿಯಲ್ಲಿ ಹಸಿರು.
ಹಸಿರು ಕೆರೆದೆ; ಬಣ್ಣದಲ್ಲೇ ಸಿಕ್ಕಿ ಒಣಗಿದ
ಕುಂಚದ ಒಂದು ಕೂದಲು,
ಯಾರದೋ ಅವಸರದ ಮಧ್ಯಾಹ್ನ.
ಅದರಡಿ ಕೆಂಪು, ಹಡಗಿಳಿದ ದಿನದ್ದು,
ಕಿರುಬೆರಳ ಉಗುರಿನಷ್ಟೇ.

ಬಿಡಿಭಾಗ ಕೇಳಬೇಡಿ. ಇಲ್ಲಿಗೆ ಯಾವುದೂ ಬರುವುದಿಲ್ಲ,
ಎಲ್ಲವೂ ಇನ್ನೊಂದರಿಂದ ಆಗುತ್ತದೆ:
ಬುಷ್ ಕಡೆದದ್ದು ಸಿಡಿದ ಶೆಲ್ಲಿನ ಹಿತ್ತಾಳೆಯಲ್ಲಿ,
ಟ್ಯಾಂಕಿನ ಮುಚ್ಚಳಕ್ಕೆ ವಾಷರು
ನನ್ನ ಹಳೇ ಬೂಟಿನ ನಾಲಗೆ.

ಹನ್ನೊಂದು ಸಲ ಒದ್ದೆ.
ಜಪ್ಪಯ್ಯ ಅಂದರೂ ಏಳಲಿಲ್ಲ.
ಹನ್ನೆರಡಕ್ಕೆ ಕೆಮ್ಮಿತು, ಹೊಗೆ ಉಗುಳಿತು,
ಆಮೇಲೆ ಗಡಿಯಾರದ ಹಾಗೆ, ಟಕ್, ಟಕ್.
ನಾನು ಬೀಗುತ್ತ ನಿಂತೆ.

ಲೆತೆಬ್ರಹಾನ್ ಅಜ್ಜಿ ಬಿಳಿ ಸೆರಗನ್ನು ಕಿವಿಯಿಂದ ಸರಿಸಿದಳು.
"ಇದು ನಮ್ಮದಲ್ಲ, ವೆಲ್ದೂ.
ನಮ್ಮದು ಮೂರು ಬೀದಿ ಆಚೆಯಿಂದಲೇ ಗಲಗಲ ಅನ್ನೋದು.
ಅದು ಕೇಳಿದ ಮೇಲೇ ನಾನು
ಕಾಫಿ ಬೀಜ ಹುರಿಯೋಕೆ ಕೂರ್ತಿದ್ದೆ."

ಹಿಂದಿನ ಮಡ್‌ಗಾರ್ಡಿನ ಬೋಲ್ಟು.
ಆರು ವಾರದಲ್ಲಿ ನಾನು ಮೊದಲು ಬಿಗಿ ಮಾಡಿದ್ದೇ ಅದನ್ನು!
ಸ್ಪ್ಯಾನರ್ ತಗೊಂಡೆ, ಮನಸ್ಸಿಲ್ಲದ ಮನಸ್ಸಿನಿಂದ
ಅರ್ಧ ಸುತ್ತು ಸಡಿಲಿಸಿದೆ.

ಅಜ್ಜಿ ಕಣ್ಣು ಮುಚ್ಚಿದ್ದಳು.
"ಇನ್ನೂ ಸ್ವಲ್ಪ," ಅಂದಳು.