ಬಾಡಿಗೆ ನಾಲಿಗೆ

ಲೊಸಾನ್ ಸ್ಟೇಷನ್ನಿನ ಹಿಂದೆ, ಬೆಳಗ್ಗೆ ಎಂಟೂವರೆ.
ಒಡೀಲ್ ತಲೆ ಎಣಿಸುತ್ತಾಳೆ: ಇಪ್ಪತ್ತೆರಡು.
ಒಬ್ಬರು ಕಾಫಿಗೆ ಹೋಗಿದ್ದಾರೆ,
ಯಾವಾಗಲೂ ಒಬ್ಬರು ಹೋಗಿರುತ್ತಾರೆ.
ನಾನು ಅಡೆಲಿನೊ, ಸ್ಟಿಯರಿಂಗಿನವನು.
ಕನ್ನಡಿಯಲ್ಲಿ ನನ್ನ ಹಣೆಯಷ್ಟೇ ಅವರಿಗೆ ಪರಿಚಯ.

ಸರೋವರ ಬಿಟ್ಟು ಬಸ್ಸು ಏರು ಹಿಡಿದಾಗ
ಅವಳು ಮೈಕು ಊದಿ ನೋಡುತ್ತಾಳೆ, ಬಿಸಿ ಸಾರಿಗೆ ಊದುವಂತೆ.
ಆಮೇಲೆ ಹಸು, ಹುಲ್ಲು, ತಾಮ್ರದ ಹಂಡೆ,
ಒಂದು ಚಕ್ರ ಚೀಸಿಗೆ ನಾನೂರು ಲೀಟರು ಹಾಲು.
ಅಂಕಿಗಳೆಲ್ಲ ಅವಳವೇ.
ರುಚಿಗಳು ಮಾತ್ರ ನನ್ನವು.

ಇದು ಯಾರಿಗೂ ಗೊತ್ತಿಲ್ಲ.

ಮೂರು ಚಳಿಗಾಲದ ಹಿಂದೆ ಅವಳಿಗೊಂದು ಜ್ವರ ಬಂತು,
ಹೋಗುವಾಗ ಮೂಗನ್ನು ಕೈಹಿಡಿದು ಕರೆದುಕೊಂಡು ಹೋಯಿತು.
ಉಪ್ಪು ಗೊತ್ತು, ಸಿಹಿ ಗೊತ್ತು, ಸುಡುವುದು ಗೊತ್ತು;
ಉಳಿದದ್ದೆಲ್ಲ ಒದ್ದೆ ಕಾಗದ.
ಕಚೇರಿಗೆ ಹೇಳಲಿಲ್ಲ.
ಮೊದಮೊದಲು ನೆನಪಿನಿಂದ ಬಡಿಸಿದಳು.
ನೆನಪೂ ಹಿಟ್ಟಿನ ಡಬ್ಬಿ, ತಳ ಕೆರೆದು ಎಷ್ಟು ದಿನ?

ಒಂದು ಮಂಗಳವಾರ, ಗ್ರುಯೇರ್ ಕೆಳಗಿನ ಪಾರ್ಕಿಂಗಿನಲ್ಲಿ,
ಕರವಸ್ತ್ರದಲ್ಲಿ ಎರಡು ತುಂಡು ಚೀಸು ಸುತ್ತಿ ತಂದು
ನನ್ನ ಕಿಟಕಿಗೆ ಉಂಗುರದಿಂದ ಬಡಿದಳು:
"ತಿನ್ನು. ಹೇಗಿದೆ ಹೇಳು."

ನನ್ನ ಫ್ರೆಂಚು ರಸ್ತೆಯದು:
ಎಡಕ್ಕೆ, ಬಲಕ್ಕೆ, ಸೀಟು ಬೆಲ್ಟು, ಹತ್ತು ನಿಮಿಷ.
ಅದರಲ್ಲಿ ಚೀಸು ಹಿಡಿಸುವುದು ಹೇಗೆ?
"ಆರು ತಿಂಗಳಿನದು ಮಗು," ಅಂದೆ, "ಹಾಲುಹಲ್ಲು ಬಿದ್ದಿಲ್ಲ.
ಹದಿನಾಲ್ಕು ತಿಂಗಳಿನದು..."
ಕಣ್ಣು ಮುಚ್ಚಿದರೆ ಬ್ರಗಾನ್ಸಾ ಕಡೆಯ ನಮ್ಮ ಗುಡ್ಡ,
ಕುರಿಯುಣ್ಣೆ ಕತ್ತರಿಸಿದ ಸಂಜೆ ಚಿಕ್ಕಪ್ಪ ಬಿಚ್ಚಿಟ್ಟ ಅಂಗಿ,
ಸುಟ್ಟ ಚೆಸ್ಟ್‌ನಟ್ಟಿನ ಸಿಪ್ಪೆ,
ಅದೇ ಅಂಗಿಯ ಜೇಬಿನಲ್ಲಿ ಬೆವರಿದ ನಾಣ್ಯ.
ಅರ್ಧ ಬಾಯಲ್ಲಿ ಹೇಳಿದೆ, ಅರ್ಧ ಕೈಯಲ್ಲಿ.
ಅವಳು ಬರೆದುಕೊಳ್ಳಲಿಲ್ಲ. ನುಂಗಿದಳು.

ಮುಂದಿನ ವಾರ ಸ್ಪೀಕರಿನಿಂದ ಬಂತು:
"ಉಣ್ಣೆ ಕತ್ತರಿಸಿದ ಸಂಜೆಯ ಅಂಗಿಯಂತೆ..."
ಕೊನೆಯ ಸೀಟಿನ ಅಜ್ಜ ತಲೆದೂಗಿದ.
ಚಿಕ್ಕಪ್ಪನಿಗೆ ಗೊತ್ತಾದರೆ ಬಾಡಿಗೆ ಕೇಳಿಯಾನು.

ಅಂದಿನಿಂದ ಹೀಗೇ.
ಬ್ರೋಕ್‌ನ ಕಾರ್ಖಾನೆ ಬಾಗಿಲಲ್ಲಿ ಗಾಳಿಯೇ ಕೋಕೋ,
ಇಪ್ಪತ್ತಮೂರು ಮೂಗು ಒಟ್ಟಿಗೆ ಮೇಲೇಳುತ್ತವೆ.
ಅವಳೂ ಎದೆ ತುಂಬ ಎಳೆಯುತ್ತಾಳೆ.
ಸುಳ್ಳಲ್ಲ. ಗಾಳಿಯಂತೂ ಒಳಗೆ ಹೋಗುತ್ತದೆ.
"ಮೊದಲು ಮುರಿಯಿರಿ, ಸದ್ದು ಕೇಳಿ," ಅನ್ನುತ್ತಾಳೆ;
ಅದು ಅವಳದೇ ಮಾತು.
ಕಪ್ಪು ಚಾಕೊಲೇಟಿನ ಆ ಟಪ್ ಒಂದನ್ನು
ಅವಳಷ್ಟು ಚೆನ್ನಾಗಿ ಯಾರೂ ಸವಿಯುವುದಿಲ್ಲ.

ಇವತ್ತು ಹೊಸದೊಂದು ಕೊಟ್ಟರು, ನಸುಗೆಂಪು, ಹೆಸರಿಡದ್ದು.
ಬಸ್ಸಿನ ಮೆಟ್ಟಿಲ ಮೇಲೆ ಕೂತು ಕರಗಿಸಿದೆ.
ಗುಡ್ಡ ಬರಲಿಲ್ಲ. ಚಿಕ್ಕಪ್ಪ ಬರಲಿಲ್ಲ.
"ಗೊತ್ತಾಗುತ್ತಿಲ್ಲ ಒಡೀಲ್. ಚೆನ್ನಾಗಿದೆ. ಅಷ್ಟೇ."
ಟಯರು ಪಂಕ್ಚರಾಯಿತು ಅಂದಾಗ ನೋಡುವಂತೆ ನೋಡಿದಳು.
ಆಮೇಲೆ ನಕ್ಕು, ಇನ್ನೊಂದು ತುಂಡು ತಾನೇ ಬಾಯಿಗಿಟ್ಟು,
ಮೊಲೆಜೋ ಬೆಟ್ಟದ ಕಡೆ ಮುಖ ಮಾಡಿ
ಬಹಳ ಹೊತ್ತು ಸುಮ್ಮನೆ ನಿಂತಳು.

ಹಿಂತಿರುಗುವಾಗ ಡಬ್ಬಿ ಸೀಟಿನಿಂದ ಸೀಟಿಗೆ ಹೋಯಿತು.
ಮೈಕಿನಲ್ಲಿ: "ಇದು ಹೇಗಿದೆಯೆಂದು ನಮಗೂ ಗೊತ್ತಿಲ್ಲ. ನೀವೇ ಹೇಳಿ."
ನಮಗೂ, ಅಂದಳು. ನನ್ನ ಹಣೆ ಬಿಸಿಯಾಯಿತು.

ಬಸ್ಸು ಮೆಲ್ಲಿತು.
ಒಬ್ಬ, ಶಾಲೆಯ ಪೆನ್ಸಿಲ್ ತುದಿ, ಅಂದ.
ದಿನವಿಡೀ ಮಾತಾಡದ ಹೆಂಗಸು,
ಆಸ್ಪತ್ರೆಯಿಂದ ಮನೆಗೆ ಬಂದ ರಾತ್ರಿಯ ಹಾಸಿಗೆ, ಅಂದಳು.
ಒಬ್ಬ ಹುಡುಗ, ಚಾಕೊಲೇಟು, ಅಂದ. ಎಲ್ಲರೂ ನಕ್ಕರು.
ಕನ್ನಡಿಯಲ್ಲಿ ಒಡೀಲ್, ಮೈಕು ಆರಿಸಿ,
ತುಟಿಯಲ್ಲೇ ಒಂದೊಂದನ್ನೂ ಮಗ್ಗಿಯಂತೆ ಒಪ್ಪಿಸಿಕೊಳ್ಳುತ್ತಿದ್ದಳು.

ನಾನು ಗೇರು ಇಳಿಸಿದೆ.
ಸರೋವರ ಮೊದಲು ಕಾಣುವ ಆ ತಿರುವಿನಲ್ಲಿ
ಯಾರೂ ಫೋಟೊ ತೆಗೆಯಲಿಲ್ಲ.