ಗೆರೆಯಾಚೆಯ ಬೆಂಚು

ಹೈಸ್ಕೂಲ್ ಮೈದಾನದಲ್ಲಿ ಎದ್ದ ಧೂಳು
ಇನ್ನೂ ಕೂತಿರಲಿಲ್ಲ, ನಾವು ಕೂತಿದ್ದೆವು
ದಾದಾಪೀರನ ಮಂಡಕ್ಕಿ ಅಂಗಡಿಯೆದುರು:
ನಾಲ್ಕು ಜನ, ಒಂದು ಬೆಂಚು,
ಅದರ ಒಂದು ಕಾಲಿಗೆ ಇಟ್ಟಿಗೆ.

ರಾತ್ರಿ ರೈಲಿಗೆ ಮೂರು ಹುಡುಗರು.
ಬೆಂಗಳೂರಿನ ತನಕ ಒಟ್ಟಿಗೆ,
ಆಮೇಲೆ ಕಲ್ಕತ್ತೆ, ಕೊಚ್ಚಿ, ಚೆನ್ನೈ, ದಿಕ್ಕಿಗೊಬ್ಬ.
ಬೆನ್ನಿಗೆ ನಂಬರು, ಕಾಗದದಲ್ಲಿ ಸಂಬಳ,
ಒಂದೇ ಒಂದು ಸೀಸನ್ನಿನ ಕರಾರು.

"ಸಾದಿಕ್ ಅಂತ ಬರೀರಿ," ಅಂದ ಗ್ಯಾರೇಜಿನ ಹಾಲೇಶಿ,
"ಬಾಷಾನಗರದ ಗಲ್ಲಿಯಾಗೆ
ಆಟೋ, ಮೇಕೆ, ನೀರಿನ ಕೊಡ ತಪ್ಪಿಸಿ ಓಡಿದವ,
ಬಯಲಾಗೆ ಯಾವನು ಹಿಡೀತಾನೆ?
ಹತ್ತು ಗೋಲು. ಒಂದು ಕಮ್ಮಿಯಾದ್ರೂ ನನ್ನ ಮೀಸೆ."

"ನಿನ್ನ ಮೀಸೆಗೆ ರೇಟೆಷ್ಟು?" ಅಂದರು
ಡ್ರಿಲ್ ಮೇಷ್ಟ್ರು ನಾಗಭೂಷಣ.
"ಅವನಿಗೆ ಎಡಗಾಲಿರೋದು ಬಸ್ ಹತ್ತೋಕೆ.
ಎರಡು ಮ್ಯಾಚಿನಾಗೆ ಎಲ್ಲರಿಗೂ ಗೊತ್ತಾಗ್ತತಿ.
ಕೊಟ್ರೇಶನ್ನ ನೋಡ್ರಿ,
ಚೆಂಡು ಬರೋ ಮೊದಲೇ ಹಿಂದೆ ತಿರುಗಿ ನೋಡಿರ್ತಾನೆ.
ಬೆನ್ನಿಗೆ ಕಣ್ಣಿದ್ದವನೇ ಉಳಿಯೋನು."

"ಮೈಯಾಗೆ ಮಾಂಸ ಬೇಕಲ್ರೀ ಮೇಷ್ಟ್ರೆ!
ಒಂದು ಭುಜ ತಾಗಿದ್ರೆ ಹರಿಹರದಾಗೆ ಬಿದ್ದಿರ್ತಾನೆ."

ಮೆಣಸಿನಕಾಯಿ ಎಣ್ಣೆಗೆ ಬಿಡುತ್ತ ದಾದಾಪೀರ:
"ಗೋಲ್‌ಕೀಪರ್ ಓಬಳೇಶನ್ನ ಮರೆತ್ರಾ?
ಅಂಗೈ ನೋಡೀರೇನು? ರೊಟ್ಟಿ ತಟ್ಟೋ ಹಲಗೆ."
"ಹತ್ತೊಂಬತ್ತರ ಹುಡುಗನ್ನ ಕಂಬದ ನಡುವೆ
ಯಾವ ಕೋಚ್ ನಿಲ್ಲಿಸ್ತಾನೋ ಮಾರಾಯ?"

ಹಳೇ ಪೇಪರಿನ ಅಂಚಿಗೆ ಹೆಸರು ಬಿದ್ದವು,
ಎದುರಿಗೆ ಐವತ್ತು, ನೂರು.
ಅದರ ಮೇಲೇ ಯಾರೋ ಬಿಸಿ ಮಿರ್ಚಿ ಇಟ್ಟರು.

"ಭಟ್ಟಿ ಮರಳಿಗೆ ಬಿದ್ದಮೇಲೇ ತಿಳಿಯೋದು
ಯಾವ ಅಕ್ಕಿ ಅರಳ್ತತಿ ಅಂತ,"
ಮೇಷ್ಟ್ರು ಪ್ರತಿ ವರ್ಷ ಹೇಳುವ ಮಾತು.
ದಾದಾಪೀರ ಜಾಲರಿ ಕೊಡವಿದ:
"ಅಕ್ಕಿಗೆ ಉಪ್ಪುನೀರು ಹಾಕೋನು ನಾನ್ರೀ.
ಅರಳದಿದ್ರೆ ತಪ್ಪು ನಂದು, ಅಕ್ಕೀದಲ್ಲ."

ನಾನು ಮಾತಾಡಲಿಲ್ಲ.
ನಾನು ಲೈನ್ಸ್‌ಮನ್, ಬಾವುಟ ಹಿಡಿದವ;
ಗೆರೆ ದಾಟಿದವರನ್ನು ತೋರಿಸುವುದಷ್ಟೆ ಕೆಲಸ.

ತೊಂಬತ್ತೊಂದರಲ್ಲಿ ಇಂಥದೇ ಪೇಪರಿನ ಅಂಚಿನಲ್ಲಿ
ನನ್ನ ಹೆಸರಿತ್ತು. ನನ್ನ ಹೆಸರು ಮಾತ್ರ.
ಆ ಸೀಸನ್ನಿನಲ್ಲಿ ಆಡಿದ್ದು ಹನ್ನೊಂದು ನಿಮಿಷ,
ಚೆಂಡು ಮುಟ್ಟಿದ್ದು ನಾಲ್ಕು ಸಲ,
ಅದರಲ್ಲೊಂದು ಕೈಯಿಂದ, ಥ್ರೋ.
ಮಿಕ್ಕಿದ್ದೆಲ್ಲ ಲೇಸು ಬಿಗಿದು ಕೂತದ್ದು.
ಕೋಚ್ ಹಿಂದೆ ತಿರುಗಿದಾಗೊಮ್ಮೆ
ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.
ಅವರು ನೀರು ಕೇಳುತ್ತಿದ್ದರು.

ಊರಿಗೆ ಬಂದಾಗ ಯಾರೂ ಏನೂ ಅನ್ನಲಿಲ್ಲ.
ಇದೇ ಬೆಂಚಿನಲ್ಲಿ ಸರಿದು ಜಾಗ ಕೊಟ್ಟರು.
ಅದಕ್ಕೇ ಇರಬೇಕು,
ತುಂಬ ದಿನ ಈ ಕಡೆ ಬರಲಿಲ್ಲ.

ಹುಡುಗರು ಬಂದರು, ಹೆಗಲಿಗೆ ಹೊಸ ಬ್ಯಾಗು,
ಬೆಲೆಯ ಚೀಟಿ ಇನ್ನೂ ನೇತಾಡುತ್ತಿತ್ತು.
ಹಾಲೇಶಿ ಪೇಪರ್ ಮಡಚಿ ಜೇಬಿಗಿಟ್ಟ,
ಅಂಗಿಯ ಎದೆಯ ಮೇಲೆ ಎಣ್ಣೆ ಮೂಡಿತು.
"ಸಾದಿಕ್, ನಿನ್ನ ಮೇಲೇ ಕಣೋ ನಾವೆಲ್ಲ!"
"ಓಬಳೇಶ, ನೀನೇ!"
"ಏ ಕೊಟ್ರೇಶಿ, ನಿನ್ನ ಬಿಟ್ರೆ ಇನ್ಯಾರಲೇ!"
ಅದೇ ಬಾಯಿ, ಅದೇ ಬೆನ್ನುತಟ್ಟು.
ಮೂವರೂ ನಂಬಿದರು, ಅಥವಾ
ನಂಬಿದಂತೆ ತಲೆಯಾಡಿಸುವಷ್ಟು ದೊಡ್ಡವರಾಗಿದ್ದರು.

ಮಂಡಕ್ಕಿ ಕಟ್ಟಿಸಿಕೊಂಡು ಹೊರಟಾಗ
ಕೊಟ್ರೇಶ ಒಬ್ಬನೇ ತಿರುಗಿ ನೋಡಿದ.
(ಮೇಷ್ಟ್ರು ನನ್ನ ಪಕ್ಕೆಗೆ ತಿವಿದರು.)
"ಕಾಕಾ, ನೀವೇನೂ ಹೇಳಲೇ ಇಲ್ಲ?"

ಕೂರುವುದನ್ನು ಕಲಿಸುವ ಮಾಸ್ತರರಿಲ್ಲ ಮಗಾ
ಎನ್ನಬೇಕೆಂದಿದ್ದೆ. ಬಾಯಿಗೆ ಬಂದದ್ದು:
"ಅಲ್ಲಿ ಬೆಂಚು ಕಬ್ಬಿಣದ್ದು,
ರಾತ್ರಿ ಮ್ಯಾಚಿಗೆ ಥಂಡಿ ಹಿಡೀತತಿ.
ಟವೆಲ್ ಮಡಚಿ ಹಾಸ್ಕೋ."

ಹುಡುಗರು ನಕ್ಕರು, ತಮಾಷೆ ಅಂದುಕೊಂಡು.
ನಗುತ್ತಲೇ ಸ್ಟೇಷನ್ ರಸ್ತೆಗೆ ಹೊರಳಿದರು.
ನಾನೂ ನಕ್ಕೆ; ಇಟ್ಟಿಗೆ ಕಾಲಲ್ಲಿ ಒತ್ತಿ
ಮತ್ತೆ ಕೂತೆ.
ತಟ್ಟೆಯಲ್ಲಿ ಒಂದು ಮಿರ್ಚಿ ಉಳಿದಿತ್ತು,
ಯಾರೂ ಕೈ ಹಾಕಲಿಲ್ಲ.